ಬ್ರೇಕ್ ಲೈಟು ಬಂತಾ?

ಬ್ರೇಕಿನ ಪೆಡಲ್ ಮೇಲೊಂದು ಇಟ್ಟಿಗೆ ಇಟ್ಟುಬಿಟ್ಟರೆ ಹೆಂಡತಿಯನ್ನು ಕರೆಯುವ ಪ್ರಮೇಯವೇ ಬರುವುದಿಲ್ಲ ಎಂಬ ಉಪಾಯ ಅವನಿಗೆ ಹೊಳೆದದ್ದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ. ಬಾಯಿತುಂಬ ನೊರೆ ಇಟ್ಟುಕೊಂಡೇ ಕನ್ನಡಿಯೊಳಗಿನ ಮುಖಕ್ಕೆ ಭಲೇ ಎಂದ. ಎಂದ ಮರುಕ್ಷಣವೇ, ಒಂದು ಇಟ್ಟಿಗೆಯ ವಿಚಾರಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವ, ತಲೆ ಮುಕ್ಕಾಲು ನರೆತ ಗಂಡಸೊಬ್ಬ ಅಲ್ಲಿ ಕಂಡು ನಗು ಬಂತು; ನೊರೆ ಗಂಟಲಿಗಿಳಿದು ಕೆಮ್ಮು ಹತ್ತಿತು. ‘ಏನಾಯ್ತು?’ ಎಂದು ಅಡುಗೆಮನೆಯಿಂದ ಅವಳು ಕೇಳಿದಳು. ‘ಏನಿಲ್ಲ’ ಎಂದ. ಆ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗುತ್ತಿದ್ದ ಪದಾರ್ಥ ಅಂದರೆ ಈ ‘ಏನಿಲ್ಲ’. ಕರೆಯಬೇಡಿ ಎಂದೇನೂ ಅವಳು ಹೇಳಿರಲಿಲ್ಲ, ಕರೆದರೆ ಬರುವವಳೇ. ಆದರೆ ಕಾರಿಗೆ ಹೊಸ ಬಣ್ಣ ಹೊಡೆಸಿಕೊಂಡು ಬಂದ ದಿನದಿಂದ ಅವಳು ಅದರೊಳಗೆ ಕಾಲಿಟ್ಟಿರಲಿಲ್ಲ. ಬ್ರೇಕ್ ಲೈಟು ನೋಡುವುದಕ್ಕೆ ಕೀಲಿ ಬೇಕಿಲ್ಲ, ಇಬ್ಬರು ಬೇಕು: ಒಬ್ಬರು ಒಳಗೆ ಕೂತು ಒತ್ತುವುದಕ್ಕೆ, ಇನ್ನೊಬ್ಬರು ಹಿಂದೆ ನಿಂತು ನೋಡುವುದಕ್ಕೆ. ಒತ್ತುವವರಿಗೆ ಕಾಣುವುದಿಲ್ಲ, ಕಾಣುವವರಿಗೆ ಒತ್ತಲಾಗುವುದಿಲ್ಲ. ಈ ಕಾರು ಮಾಡಿದವನು ಬ್ರಹ್ಮಚಾರಿ ಆಗಿದ್ದಿರಲಾರ ಎಂದು ಮಾವ ನಗುತ್ತಿದ್ದರು. ಕಾರು ಮಾವನದು, ಅಂದರೆ ಅವಳ ಅಪ್ಪನದು, ನಗುವೂ ಅವರದೇ. ಇವನ ಪಾಲಿಗೆ ಬಂದದ್ದು ಬ್ರೇಕ್ ಲೈಟು ಮಾತ್ರ.

ನಿನ್ನೆ ಊಟಕ್ಕೆ ಕೂತಾಗ ಅವಳು, ನೀರಿನ ಲೋಟ ಇವನ ಕಡೆ ಸರಿಸುತ್ತ, ಅಷ್ಟೇ ಸಲೀಸಾಗಿ ಆ ಮಾತನ್ನೂ ಸರಿಸಿದ್ದಳು. ‘ನಾಳೆ ಸಾಯಂಕಾಲ ತಮ್ಮ ಬರ್ತಾನಂತೆ. ಅಷ್ಟರಲ್ಲಿ ಲೈಟು ಸರಿಹೋದ್ರೆ ಗಾಡಿ ಇಲ್ಲೇ ಇರ್ಲಿ. ಇಲ್ಲಾಂದ್ರೆ ಅವನು ಎಳ್ಕೊಂಡು ಹೋಗ್ಲಿ. ಅಪ್ಪನ ಗಾಡಿ ಹೀಗೆ ಶೆಡ್ಡಲ್ಲಿ ಕೊಳೆಯೋದು ನನಗೆ ನೋಡೋಕಾಗಲ್ಲ.’ ಕೋಪ ಇರಲಿಲ್ಲ. ಕೋಪವಿದ್ದರೆ ಅವನಿಗೆ ಗೊತ್ತಾಗುತ್ತಿತ್ತು, ಕೋಪಕ್ಕೆ ಏನು ಹೇಳಬೇಕೆಂಬುದೂ ಗೊತ್ತಿತ್ತು. ‘ಸರಿಹೋಗುತ್ತೆ ಬಿಡು’ ಎಂದ. ಅವಳು ತಲೆ ಎತ್ತಿ ನೋಡಿದಳು. ‘ಬರುತ್ತೆ ಅಂತೀರಾ?’ ಎಂದಳು. ಅವನ ಕೈಯೊಳಗಿನ ತುತ್ತು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಅವಳು ಬೇಕೆಂದೇ ಅಂದಳೋ, ಬಾಯಿಗೆ ಬಂದದ್ದು ಅಷ್ಟೇನೋ. ಕೇಳಿದರೆ ‘ಏನಿಲ್ಲ’ ಎನ್ನುತ್ತಾಳೆ.

ಏಕೆಂದರೆ ಅವನ ಹೆಸರೇ ಬರುತ್ತಪ್ಪ. ಅಪ್ಪ ಅಮ್ಮ ಇಟ್ಟದ್ದಲ್ಲ, ಆಫೀಸು ಇಟ್ಟದ್ದು. ನೀರು ಸರಬರಾಜು ಆಫೀಸಿನ ದೂರು ವಿಭಾಗದಲ್ಲಿ, ಕಿಟಕಿಗೆ ಬೆನ್ನು ಹಾಕಿದ ಮೇಜಿನ ಹಿಂದೆ, ಫೋನಿನ ಎದುರು ಅವನ ನೌಕರಿಯೆಲ್ಲ ಕಳೆದಿತ್ತು. ‘ನೀರು ಬಂದಿಲ್ಲ’ ಎಂದು ಆ ಕಡೆಯಿಂದ ಗೋಳು ಶುರುವಾಗುವುದರೊಳಗೆ ಈ ಕಡೆಯಿಂದ ‘ಬರುತ್ತೆ’ ಎಂದುಬಿಡುತ್ತಿದ್ದ. ಪೈಪು ಒಡೆದಿರಲಿ, ಪಂಪು ಸುಟ್ಟಿರಲಿ, ಟ್ಯಾಂಕಿನ ತಳದಲ್ಲಿ ಕೆಸರು ಮಾತ್ರ ಉಳಿದಿರಲಿ, ‘ಬರುತ್ತೆ, ಬರ್ತಾ ಇದೆ.’ ಇವತ್ತಲ್ಲ ನಾಳೆ ನೀರು ಬಂದೇ ಬರುತ್ತಿದ್ದುದರಿಂದ ತಾನು ಸುಳ್ಳುಗಾರ ಎಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ನಿಜವನ್ನು ಸ್ವಲ್ಪ ಮುಂಚಿತವಾಗಿ ಹೇಳುತ್ತಿದ್ದ, ಅಷ್ಟೇ. ಬೀಳ್ಕೊಡುಗೆಯ ದಿನ ದೊಡ್ಡ ಸಾಹೇಬರು ಮೈಕಿನ ಮುಂದೆ ಬಾಯಿತಪ್ಪಿ ‘ನಮ್ಮ ಬರುತ್ತಪ್ಪನವರು’ ಎಂದುಬಿಟ್ಟರು, ಹಾಲಿಗೆ ಹಾಲೇ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ನಗುತ್ತ ನಗುತ್ತ ಮುಂದಿನ ಸಾಲಿನತ್ತ ನೋಡಿದರೆ ಅವಳು ನಗುತ್ತಿರಲಿಲ್ಲ, ಹಾರದಿಂದ ಉದುರಿದ ಹೂವೊಂದನ್ನು ತೊಡೆಯ ಮೇಲಿಟ್ಟುಕೊಂಡು ಅದರ ಎಸಳು ಬಿಡಿಸುತ್ತಿದ್ದಳು. ಮನೆಗೆ ಬರುವಾಗ ಕಾರಿನಲ್ಲಿ ‘ಹಾಗೆ ಕರೀತಾರಾ ನಿಮ್ಮನ್ನ?’ ಎಂದು ಕೇಳಿದಳು. ‘ಪ್ರೀತಿಗೆ’ ಎಂದ ಅವನು. ಪ್ರೀತಿಗೆ ಎಂಬುದು ಮಾತ್ರ ಶುದ್ಧ ಸುಳ್ಳು.

ಶೆಡ್ಡಿನ ಬಾಗಿಲು ತೆಗೆದರೆ ಕಾರು ಮದುವಣಗಿತ್ತಿಯ ಹಾಗೆ ನಿಂತಿತ್ತು. ಮೆರೂನ್ ಬಣ್ಣ. ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು, ಅಂಥ ಹೊಳಪು. ಹಿಂದಿನ ಭಾಗ ಗೋಡೆಯ ಕಡೆಗಿತ್ತು. ಗೋಡೆಗೂ ಡಿಕ್ಕಿಗೂ ನಡುವೆ ಹೊಟ್ಟೆ ಒಳಗೆಳೆದುಕೊಂಡರೆ ಒಬ್ಬ ನಿಲ್ಲಬಹುದಾದಷ್ಟು ಜಾಗ. ಇಂಜಿನ್ನಿಗೇನೂ ಆಗಿರಲಿಲ್ಲ, ಕೀಲಿ ತಿರುಗಿಸಿದರೆ ಗುಡುಗುಡು ಎಂದು ಎದ್ದು ಕೂರುತ್ತಿತ್ತು. ಹುಚ್ಚು ಹಿಡಿದದ್ದು ದೀಪಗಳಿಗೆ. ಬ್ರೇಕ್ ಒತ್ತಿದರೆ ಹಿಂದಿನ ದೀಪ ಬಿಟ್ಟು ಮುಂದಿನ ಸ್ಪೀಡಿನ ಮುಳ್ಳಿನ ಹತ್ತಿರ ಮಿಣುಕು ಬೆಳಕು ಬರುತ್ತಿತ್ತು. ಎಡಕ್ಕೆ ತಿರುಗುತ್ತೇನೆಂದು ಸ್ವಿಚ್ಚು ಹಾಕಿದರೆ ಎಡದ್ದೂ ಬಲದ್ದೂ ಒಟ್ಟಿಗೆ, ನಿದ್ದೆಗಣ್ಣಿನವರ ಹಾಗೆ, ಅರೆಬರೆ ಪಿಳುಕುತ್ತಿದ್ದವು. ಹಾರ್ನ್ ಒತ್ತಿದರೆ ಶಬ್ದವಿಲ್ಲ, ಒಳದೀಪ ಮಂಕಾಗುತ್ತಿತ್ತು. ಕೇಳಿದ್ದಕ್ಕೆ ಉತ್ತರ ಕೊಡದೆ ಬೇರೆಯೇ ಏನೋ ಹೇಳುವುದು: ಕಾರು ತನ್ನ ಹತ್ತಿರವೇ ಕಲಿತಿರಬೇಕು ಎಂದು ಅವನಿಗೆ ಒಂದೊಂದು ಸಲ ಅನ್ನಿಸುತ್ತಿತ್ತು. ಇಟ್ಟಿಗೆ ತಂದು ಪೆಡಲ್ ಮೇಲಿಟ್ಟ, ಸುತ್ತಿ ಹಿಂದೆ ಹೋಗಿ ಹೊಟ್ಟೆ ಎಳೆದುಕೊಂಡು ನಿಂತ. ದೀಪವಿಲ್ಲ. ವಾಪಸು ಬಂದು ನೋಡಿದರೆ ಇಟ್ಟಿಗೆ ಕೆಳಗೆ ಜಾರಿ ಬಿದ್ದಿತ್ತು. ಹಾಗಾದರೆ ದೀಪ ಬಾರದ್ದು ವೈರು ಸತ್ತಿದ್ದಕ್ಕೋ, ಇಟ್ಟಿಗೆ ಬಿದ್ದಿದ್ದಕ್ಕೋ? ಮತ್ತೆ ಇಟ್ಟ, ಓಡಿದ. ಮತ್ತೆ ಬಿತ್ತು. ಮಾವನ ಊರುಗೋಲನ್ನು ಸೀಟಿಗೂ ಪೆಡಲಿಗೂ ನಡುವೆ ಸಿಕ್ಕಿಸಿದ. ಅದು ಅವನು ಬಾಗಿಲು ದಾಟುವವರೆಗೆ ಕಾದಿದ್ದು ಟಣ್ಣೆಂದು ಹಾರಿತು. ಮಾವ ಬದುಕಿದ್ದಾಗಲೂ ಆ ಕೋಲಿಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ.

ಅವನು ದಡ್ಡನೇನಲ್ಲ. ನಿವೃತ್ತನಾದ ಮೇಲೆ ಪುಸ್ತಕ ತಂದು ಓದಿದ್ದ, ಗೆರೆ ಹಾಕಿ ಓದಿದ್ದ. ಬ್ಯಾಟರಿಯಿಂದ ವೈರಿನಲ್ಲಿ ಹೊರಟ ಕರೆಂಟು ಬಲ್ಬನ್ನು ಉರಿಸಿ, ಕಾರಿನ ತಗಡಿನ ಮೈಯಲ್ಲೇ ಹಾದು ಬ್ಯಾಟರಿಗೆ ವಾಪಸು ಬರಬೇಕು; ಆ ವಾಪಸು ದಾರಿಗೆ ಅರ್ತ್ ಎನ್ನುತ್ತಾರೆ. ಇದನ್ನು ಅವನು ಭಾಮೈದನಿಗೆ, ಪೇಪರಿನವನಿಗೆ, ಪಕ್ಕದ ಮನೆಯ ಮುದುಕಿಗೆ, ಕೇಳಿದವರಿಗೂ ಕೇಳದವರಿಗೂ ವಿವರಿಸಿದ್ದ. ‘ಹೋಗೋದು ದೊಡ್ಡದಲ್ಲಮ್ಮ, ವಾಪಸ್ ಬರೋಕೆ ದಾರಿ ಇರಬೇಕು’ ಎಂದು ಮುದುಕಿಗೆ ಹೇಳಿದಾಗ ಆಕೆ ಕಣ್ಣೊರೆಸಿಕೊಂಡು ಹೌದಪ್ಪ ಎಂದಿದ್ದಳು. ಆಕೆ ಬೇರೇನೋ ಅರ್ಥ ಮಾಡಿಕೊಂಡಿದ್ದಳು. ವೈರಿನಲ್ಲಿ ಕರೆಂಟು ಇದೆಯೋ ಇಲ್ಲವೋ ನೋಡುವುದಕ್ಕೆ ಟೆಸ್ಟ್ ಲ್ಯಾಂಪನ್ನೂ ಅವನೇ ಮಾಡಿಕೊಂಡಿದ್ದ: ಒಂದು ಪುಟ್ಟ ಬಲ್ಬು, ಅದಕ್ಕೆರಡು ವೈರು, ಒಂದರ ತುದಿಗೆ ಸೂಜಿ, ಇನ್ನೊಂದರ ತುದಿಗೆ ಕಚ್ಚಿಕೊಳ್ಳುವ ಕ್ಲಿಪ್ಪು. ಬ್ಯಾಟರಿಯ ಎರಡು ತುದಿಗೂ ಮುಟ್ಟಿಸಿ ನೋಡಿದ್ದ, ಬಲ್ಬು ಝಗ್ಗೆಂದು ಉರಿದಿತ್ತು. ಆಮೇಲೆ ಕ್ಲಿಪ್ಪನ್ನು ಕಾರಿನ ಮೈಗೆ ಕಚ್ಚಿಸಿ, ಸೂಜಿಯಿಂದ ಒಂದೊಂದೇ ವೈರು ಚುಚ್ಚಿ ನೋಡಿದ. ಹೊಸ ಬಣ್ಣಕ್ಕೆ ಗೀರಾಗಬಾರದೆಂದು ಕ್ಲಿಪ್ಪಿನ ಹೊರಗಡೆಯ ಹಲ್ಲಿಗೆ ಮೆತ್ತನೆಯ ಬಟ್ಟೆ ಕೂಡ ಸುತ್ತಿದ್ದ. ಒಂದು ವೈರಿನಲ್ಲೂ ಜೀವ ಇರಲಿಲ್ಲ. ಇಂಥ ಸಾಮೂಹಿಕ ಮರಣ ಹೇಗಾಯಿತೆಂದು ರಸ್ತೆ ತುದಿಯ ಎಲೆಕ್ಟ್ರಿಷಿಯನ್ನನ್ನು ಕರೆತಂದರೆ, ಅವನು ಬಾಗಿಲಲ್ಲೇ ನಿಂತು ‘ಇಲಿ ಕಡಿದಿರುತ್ತೆ ಸಾರ್’ ಎಂದು ಹೇಳಿ ಟೀ ಕುಡಿದು ಹೋದ. ಅಂದಿನಿಂದ ವಾರಗಟ್ಟಲೆ ಇವನು ಇಲಿ ಹುಡುಕಿದ. ಬೋನು ಇಟ್ಟ, ಬೋನಿಗೆ ಬ್ರೆಡ್ಡು ಇಟ್ಟ, ಬ್ರೆಡ್ಡಿಗೆ ಬೆಣ್ಣೆ ಸವರಿದ. ಇರುವೆ ಬಂತು, ಇಲಿ ಬರಲಿಲ್ಲ. ಇಲ್ಲದ ಇಲಿಯ ಮೇಲೆ ಅವನಿಗೆ ಹುಟ್ಟಿದ ದ್ವೇಷ ಇದ್ದ ಮನುಷ್ಯರ ಮೇಲೂ ಯಾವತ್ತೂ ಹುಟ್ಟಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲದಡಿ ಬಿಲವಿದೆ ಎಂದ.

ಈ ಕಾರನ್ನು ಮೊದಲು ಅವಳೇ ಓಡಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವನನ್ನು ಆಫೀಸಿಗೆ ಬಿಡುತ್ತಿದ್ದವಳು ಅವಳು. ಅವನು ಪಕ್ಕದಲ್ಲಿ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತ ಕೂತಿರುತ್ತಿದ್ದ. ಅವಳು ಗೇರು ಬದಲಾಯಿಸುವಾಗ ಕೆಳತುಟಿ ಸ್ವಲ್ಪ ಮುಂದೆ ಬರುತ್ತಿತ್ತು, ಅದನ್ನು ನೋಡುವುದು ಅವನಿಗೆ ಇಷ್ಟ, ಇಷ್ಟವೆಂದು ಹೇಳಿರಲಿಲ್ಲ. ಒಂದು ದಿನ ಆಫೀಸಿನ ಗೇಟಿನಲ್ಲಿ ಡಬ್ಬಿ ಸಮೇತ ಇಳಿಯುವಾಗ ಬಿಲ್ ವಿಭಾಗದವನೊಬ್ಬ ‘ಏನ್ರೀ, ಸ್ಕೂಲಿಗೆ ಬಿಟ್ಟುಹೋಗೋಕೆ ಬಂದಿದಾರಾ?’ ಎಂದ. ಸುತ್ತಲಿದ್ದವರು ನಕ್ಕರು, ಇವನೂ ನಕ್ಕ, ಅವಳಿಗೂ ಕೇಳಿಸಿತು. ಮರುದಿನ ಬೆಳಿಗ್ಗೆ ಶೂ ಲೇಸು ಕಟ್ಟುತ್ತ, ತಲೆ ಎತ್ತದೆ, ‘ಇನ್ಮೇಲೆ ನಾನೇ ಓಡಿಸ್ತೀನಿ, ನಿನಗ್ಯಾಕೆ ತೊಂದ್ರೆ’ ಎಂದ. ಅವಳು ಕೀಲಿಯನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಆಗ ಬೇಕಾದದ್ದು ಒಂದು ಜಗಳ. ಜಗಳವಾಗಿದ್ದರೆ ಆ ಕೀಲಿ ವಾಪಸು ಹೋಗುತ್ತಿತ್ತೇನೋ. ‘ತೊಂದರೆ’ ಎಂಬ ಮಾತನ್ನು ಅಷ್ಟು ನುಣ್ಣಗೆ ಹಚ್ಚಿದ ಮೇಲೆ ಜಗಳಕ್ಕೆ ಹಿಡಿದುಕೊಳ್ಳಲು ಜಾಗ ಎಲ್ಲಿ?

ಮಾವ ಆಸ್ಪತ್ರೆಯಲ್ಲಿದ್ದಾಗ ‘ಗಾಡಿ ವಾರಕ್ಕೊಂದು ಸಲ ಸ್ಟಾರ್ಟ್ ಮಾಡ್ತಿದೀರಾ?’ ಎಂದು ಕೇಳಿದ್ದಕ್ಕೆ ‘ಮಾಡ್ತಿದೀನಿ ಮಾವ’ ಎಂದಿದ್ದ. ಮಾಡಿರಲಿಲ್ಲ. ಅವರು ಹೋದ ಮೇಲೆ ಆ ಪಾಪವನ್ನು ಏನಾದರೂ ಮಾಡಿ ತೀರಿಸಬೇಕೆಂದೇ ಅವಳು ತಂಗಿಯ ಮನೆಗೆ ಹೋಗಿದ್ದಾಗ ಕಾರನ್ನು ಪೇಂಟ್ ಮಾಡುವವನ ಹತ್ತಿರ ಬಿಟ್ಟ. ಅವಳಿಗೆ ಗೊತ್ತಾಗದ ಹಾಗೆ ಮಾಡಿ, ಬಂದ ಕೂಡಲೇ ತೋರಿಸಿ, ಅವಳ ಮುಖ ಅರಳುವುದನ್ನು ನೋಡಬೇಕು. ಹಳೇ ಬಣ್ಣ ಹಸಿರು, ಸವೆದ ಸೋಪಿನ ಹಾಗೆ ಮಾಸಿದ ಹಸಿರು. ಹಿಂದಿನ ಬಾಗಿಲ ಮೇಲೆ ಉದ್ದಕ್ಕೊಂದು ಗೀರಿತ್ತು. ಅವಳು ಹುಡುಗಿಯಾಗಿದ್ದಾಗ ಮೊದಲ ಸಲ ಗೇಟು ದಾಟಿಸುವಾಗ ಕಂಬಕ್ಕೆ ಉಜ್ಜಿದ್ದು. ಮಾವ ಅದನ್ನು ಕೊನೆಯವರೆಗೂ ಮುಚ್ಚಿಸಿರಲಿಲ್ಲ, ‘ಇರ್ಲಿ ಬಿಡು, ಗಾಡಿ ಮೇಲೆ ನಿನ್ನ ಸಹಿ’ ಎನ್ನುತ್ತಿದ್ದರಂತೆ. ಪೇಂಟಿನವನು ಆ ಗೀರಿನ ಮೇಲೆ ಬೆರಳಾಡಿಸಿ ‘ಇದೇನು ಮಾಡೋಣ?’ ಎಂದು ಕೇಳಿದ. ಕೇಳಿದ್ದ. ಅವನು ಕೇಳದೆ ಮುಚ್ಚಿದ್ದರೆ ಇವತ್ತು ಎಷ್ಟು ಸುಖವಾಗಿರುತ್ತಿತ್ತು. ‘ಮುಚ್ಚಿಬಿಡಿ’ ಎಂದ ಇವನು. ‘ಒಂದು ಮೂಲೆ ಬಿಡಬೇಡಿ, ದೀಪಗೀಪ ಎಲ್ಲಾ ಬಿಚ್ಚಿ ಒಳಗೂ ಹೊರಗೂ ಹೊಡೀರಿ. ತುಕ್ಕು ಹಿಡೀಬಾರದು ನೋಡಿ.’ ಅವಳು ಬಂದಳು. ಕಾರಿನ ಸುತ್ತ ಒಂದು ಸುತ್ತು ಬಂದಳು. ಹಿಂದಿನ ಬಾಗಿಲ ಹತ್ತಿರ ಅವಳ ಕೈ ತಾನಾಗಿ ಹೋಗಿ, ನುಣುಪಿನ ಮೇಲೆ ಅತ್ತಿಂದಿತ್ತ ಆಡಿ, ಏನೂ ಸಿಗದೆ ಕೆಳಗಿಳಿಯಿತು. ‘ಚೆನ್ನಾಗಿದೆ’ ಎಂದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದು ಅವನಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಗೊತ್ತಾದರೂ ‘ನನಗೆ ಗೊತ್ತಿತ್ತು ನಿನಗಿಷ್ಟ ಆಗುತ್ತೆ ಅಂತ’ ಎಂದ. ಆ ಸಾಯಂಕಾಲವೇ ದೀಪಗಳು ಹುಚ್ಚಾದವು.

ಊಟವಾಗಿ, ಹೊತ್ತು ಇಳಿಯತೊಡಗಿ, ಇಟ್ಟಿಗೆ ಐದಾರು ಚೂರಾದ ಮೇಲೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಮೈಮೇಲೆ ಬಿಳಿ ಬನಿಯನ್ನು, ಮೊಣಕೈಗೆ ಎಣ್ಣೆ ಮಸಿ. ‘ಸ್ವಲ್ಪ ಬರ್ತೀಯಾ?’ ಎಂದ. ಅವಳು ಪಾತ್ರೆ ಒರೆಸುತ್ತಿದ್ದಳು. ‘ಎಲ್ಲಿಗೆ?’ ‘ಕಾರಿಗೆ. ಬ್ರೇಕು ಒತ್ತೋಕೆ.’ ಇಷ್ಟು ವರ್ಷದ ಸಂಸಾರದಲ್ಲಿ ಅವಳ ಹತ್ತಿರ ಇಷ್ಟು ಬೆವರಿ ಏನನ್ನೂ ಕೇಳಿರಲಿಲ್ಲ. ಅವಳು ಪಾತ್ರೆಯನ್ನು ಜಾಗದಲ್ಲಿಟ್ಟು, ಬಟ್ಟೆ ಮಡಿಸಿ, ಬಂದಳು. ಕಾರಿನ ಬಾಗಿಲು ತೆಗೆದು ಕೂತಳು. ಕೂತ ಕೂಡಲೇ ಸೀಟಿನಡಿ ಕೈ ಹಾಕಿ ಕಟಕ್ಕೆಂದು ಸೀಟನ್ನು ಮುಂದೆ ಎಳೆದುಕೊಂಡು, ನೆತ್ತಿಯ ಕನ್ನಡಿಯನ್ನು ಎರಡು ಬೆರಳಿನಿಂದ ತನ್ನ ಎತ್ತರಕ್ಕೆ ತಿರುಗಿಸಿಕೊಂಡಳು. ಯಾವುದು ಎಲ್ಲಿದೆ ಎಂದು ಹುಡುಕಲಿಲ್ಲ. ಅವನು ಗೋಡೆಗೂ ಡಿಕ್ಕಿಗೂ ನಡುವೆ ಹೋಗಿ ನಿಂತ.

‘ಒತ್ತು’ ಎಂದ.

‘ಒತ್ತಿದೀನಿ. ಬಂತಾ?’

ಬಂದಿರಲಿಲ್ಲ. ಎರಡು ದೀಪಗಳೂ ಸತ್ತ ಮೀನಿನ ಕಣ್ಣಿನ ಹಾಗೆ ಅವನನ್ನು ನೋಡುತ್ತಿದ್ದವು. ಬಂದಿಲ್ಲ ಎನ್ನಬೇಕೆಂದೇ ಅವನು ಬಾಯಿ ತೆರೆದದ್ದು, ಪ್ರಮಾಣ ಮಾಡಿ ಹೇಳಬಲ್ಲ. ಆದರೆ ಆ ಬಾಯಿಗೆ ಅಭ್ಯಾಸವಿದ್ದ ದಾರಿ ಒಂದೇ. ‘ಬಂತು’ ಎಂದುಬಿಟ್ಟ. ಎಂದು ತಾನೇ ಬೆಚ್ಚಿದ. ಯಾಕೆ ಹೇಳಿದೆ? ಇವಳು ಎದ್ದು ಹೋಗಲಿ ಎಂದೇ, ಕೂತೇ ಇರಲಿ ಎಂದೇ? ಸಾಯಂಕಾಲ ಭಾಮೈದ ಬಂದು ನೋಡಿದರೆ ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಕಥೆಯಾಗುವುದಿಲ್ಲವೇ? ಅಷ್ಟೆಲ್ಲ ಯೋಚನೆ ಆಮೇಲೆ ಬಂತು, ಮಾತು ಮೊದಲು ಬಂತು. ಒಳಗಿನಿಂದ ಅವಳ ದನಿ, ಎಂದಿನ ದನಿಯೇ: ‘ಬಂದಿಲ್ಲ.’

‘ನಿನಗೆ ಹೇಗೆ ಗೊತ್ತು?’

‘ನಿಮ್ಮ ಬನಿಯನ್ ಇನ್ನೂ ಬೆಳ್ಳಗೇ ಇದೆ.’

ಅವನು ತಲೆ ತಗ್ಗಿಸಿ ತನ್ನ ಎದೆ ನೋಡಿಕೊಂಡ. ಬೆಳ್ಳಗಿತ್ತು. ಹಿಂದಿನ ಗಾಜಿನಾಚೆ, ಕತ್ತಲು ಕತ್ತಲಾದ ಕಾರಿನೊಳಗೆ, ಚಿಕ್ಕ ಕನ್ನಡಿಯಲ್ಲಿ ಅವಳ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಅವು ಇವನನ್ನೇ ನೋಡುತ್ತಿದ್ದವು. ದೀಪ ಬಂದರೆ ಬನಿಯನ್ನು ಕೆಂಪಾಗುತ್ತದೆ ಎಂಬ ಸಣ್ಣ ಸಂಗತಿ ಪುಸ್ತಕದಲ್ಲಿ ಇರಲಿಲ್ಲ. ಹಾಗಾದರೆ ಇಷ್ಟು ವರ್ಷ ಅವಳು ‘ಬಂತಾ’ ಎಂದು ಕೇಳಿದ್ದೆಲ್ಲ ಗೊತ್ತಿಲ್ಲದೆ ಕೇಳಿದ್ದಲ್ಲವೋ ಏನೋ. ಊಟ ಹೇಗಿದೆ, ಆಫೀಸಲ್ಲಿ ಏನು, ಹಾಗೆ ಕರೀತಾರಾ ನಿಮ್ಮನ್ನ. ಪ್ರತಿ ಸಲವೂ ಎಲ್ಲೋ ಒಂದು ಕನ್ನಡಿ ಇಟ್ಟುಕೊಂಡೇ ಕೇಳಿದ್ದಳೇನೋ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ, ಗಂಡನಿಗೆ ಬೇಕಾಗುತ್ತದೆ. ಓಡಿಹೋಗೋಣವೆಂದರೆ ಹಿಂದೆ ಗೋಡೆ.

ಅವಳು ಇಳಿದು ಹೋಗಬಹುದಿತ್ತು. ಹೋಗಲಿಲ್ಲ. ಅವನೇ ಸುತ್ತಿ ಬಂದು ಪಕ್ಕದ ಬಾಗಿಲು ತೆಗೆದು, ಟೆಸ್ಟ್ ಲ್ಯಾಂಪ್ ಹಿಡಿದು, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಮುಖ ತೋರಿಸದೆ ಹತ್ತಿರ ಇರುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದಿಲ್ಲ. ಕ್ಲಿಪ್ಪು ಕಚ್ಚಿಸಿದ, ಸೂಜಿ ಚುಚ್ಚಿದ, ಬಲ್ಬು ಉರಿಯಲಿಲ್ಲ. ಇನ್ನೊಂದು ವೈರು ಚುಚ್ಚಿದ, ಉರಿಯಲಿಲ್ಲ. ಹೀಗೆ ಸತ್ತವರ ನಾಡಿ ಹಿಡಿದು ನೋಡುತ್ತಿರುವಾಗ ಕಿವಿಯ ಪಕ್ಕದಲ್ಲೇ ಕರ ಕರ ಎಂದು ಸದ್ದು ಕೇಳಿಸಿತು. ಇಲಿ! ಕೊನೆಗೂ ಸಿಕ್ಕಿತು. ಕತ್ತು ತಿರುಗಿಸಿದರೆ ಇಲಿಯಲ್ಲ, ಹೆಂಡತಿ. ಕೂದಲಿನ ಪಿನ್ನು ತೆಗೆದು, ಸ್ಟಿಯರಿಂಗಿನ ಕೆಳಗಿನ ತಗಡಿನ ಅಂಚನ್ನು ಕೆರೆಯುತ್ತಿದ್ದಳು.

‘ಏನ್ ಮಾಡ್ತಿದೀಯಾ? ಗೀರಾಗುತ್ತೆ’ ಎಂದ. ದನಿ ಕೀರಲಾಗಿ ಬಂತು.

‘ಇಲ್ಲಿ ಯಾರಿಗೂ ಕಾಣಲ್ಲ.’

‘ಆದ್ರೂ.’

‘ಕೆಳಗೆ ಹಸಿರು ಇದೆಯೋ ಇಲ್ವೋ ನೋಡ್ತಿದೀನಿ’ ಎಂದಳು. ಕೆರೆಯುವುದನ್ನು ನಿಲ್ಲಿಸಲಿಲ್ಲ. ‘ಎಲ್ಲಾನೂ ಉಜ್ಜಿ ತೆಗೆದುಬಿಟ್ರಾ, ಇಲ್ಲ ಮೇಲೆ ಬಳಿದ್ರಾ, ಅದು ಗೊತ್ತಾಗಬೇಕಿತ್ತು. ನಿಮ್ಮನ್ನ ಕೇಳಿದ್ರೆ ಸರಿಯಾಗೇ ಇದೆ ಅಂತೀರಿ.’

ಮೆರೂನ್ ಹಿಟ್ಟು ಅವನ ಮೂಗಿನ ಮೇಲೆ ಉದುರಿತು. ಅದರ ಹಿಂದೆ ಹಸಿರು ಹಿಟ್ಟು ಉದುರಿತು. ‘ಇದೆ’ ಎಂದಳು ಅವಳು. ಆ ಒಂದು ಮಾತಿನಲ್ಲಿ ಏನಿತ್ತೆಂದರೆ ಅವನಿಗೆ ಅಲ್ಲೇ, ಆ ಕತ್ತಲ ಗೂಡಿನಲ್ಲೇ, ಅಳು ಬಂದಂತಾಯಿತು. ‘ಆ ಗೀರನ್ನ ನಾನೇ ಮುಚ್ಚಿಸಿದ್ದು’ ಎಂದ. ‘ಗೊತ್ತು’ ಎಂದಳು. ‘ಅವನು ಕೇಳ್ದ. ನಾನೇ ಮುಚ್ಚು ಅಂದೆ.’ ‘ಅದೂ ಗೊತ್ತು. ನೀವು ಹೇಳ್ತೀರೇನೋ ಅಂತ ಕಾಯ್ತಿದ್ದೆ’ ಎಂದಳು. ಪಿನ್ನು ಮತ್ತೂ ಕರ ಕರ ಎಂದು, ಹಸಿರನ್ನೂ ದಾಟಿ, ಬಿಳಿಯ ತಗಡಿಗೆ ಹೋಗಿ ಮುಟ್ಟಿತು. ‘ಅಯ್ಯೋ, ಇದೂ ಹೋಯ್ತು’ ಎಂದು ಅವಳು ಕೈ ತೆಗೆದಳು.

ಏನೂ ತೋಚದ ಗಂಡಸು ಕೈಲಿದ್ದ ಕೆಲಸವನ್ನೇ ಮುಂದುವರಿಸುತ್ತಾನೆ. ಮಾತಿನ ಬದಲು ಕ್ಲಿಪ್ಪನ್ನು ಬಿಡಿಸಿ, ಅವಳು ಕೆರೆದ ಜಾಗಕ್ಕೇ, ಅವಳ ಬೆರಳು ಈಗಷ್ಟೇ ಇದ್ದ ಜಾಗಕ್ಕೇ, ಬಟ್ಟೆಯಿಲ್ಲದ ಹಲ್ಲು ತಾಗುವ ಹಾಗೆ ಕಚ್ಚಿಸಿ, ಕಣ್ಣು ಒದ್ದೆಯಾದದ್ದು ಕಾಣದಿರಲೆಂದು ಆ ಕಡೆ ತಿರುಗಿ, ಸುಮ್ಮನೆ ಕೈಗೆ ಸಿಕ್ಕಿದ ವೈರಿಗೆ ಸೂಜಿ ಚುಚ್ಚಿದ. ಬಲ್ಬು ಝಗ್ಗೆಂದು ಉರಿಯಿತು. ಅವನು ಸೂಜಿ ತೆಗೆದ, ಆರಿತು. ಇನ್ನೊಂದಕ್ಕೆ ಚುಚ್ಚಿದ, ಉರಿಯಿತು. ಮತ್ತೊಂದು, ಅದೂ ಉರಿಯಿತು. ವಾರಗಟ್ಟಲೆಯಿಂದ ತಿಥಿ ಮಾಡಿಸಿಕೊಂಡ ವೈರುಗಳೆಲ್ಲ ಒಂದೊಂದಾಗಿ ಎದ್ದು ಕೂತವು. ಯಾವುದೂ ಸತ್ತಿರಲಿಲ್ಲ. ಕರೆಂಟು ಎಲ್ಲ ಕಡೆಗೂ ಹೋಗುತ್ತಲೇ ಇತ್ತು. ವಾಪಸು ಬರುವ ಬಾಗಿಲಿಗೆಲ್ಲ ಅವನು, ಕೈಯಾರೆ, ಒಳ್ಳೆಯ ಕಂಪನಿಯ ಬಣ್ಣ ಬಳಿಸಿ ಮುಚ್ಚಿದ್ದ. ದೀಪದ ಬುಡಕ್ಕೆ ಬಣ್ಣ, ಬೋಲ್ಟಿನ ಕೆಳಗೆ ಬಣ್ಣ. ಸಾಲದ್ದಕ್ಕೆ ಆ ಬಣ್ಣಕ್ಕೇ ಕ್ಲಿಪ್ಪು ಕಚ್ಚಿಸಿ, ಕ್ಲಿಪ್ಪಿನ ಹಲ್ಲಿಗೆ ಬಟ್ಟೆ ಬೇರೆ ಸುತ್ತಿ, ಊರಿನ ವೈರೆಲ್ಲ ಸತ್ತಿವೆ ಎಂದು ಡಂಗುರ ಸಾರಿದ್ದ. ಅರ್ತ್ ಬಗ್ಗೆ ಪಕ್ಕದ ಮನೆಯ ಮುದುಕಿಯನ್ನು ಅಳಿಸುವಂತೆ ಭಾಷಣ ಮಾಡಿದವನು. ಅವನಿಗೆ ನಗು ಬಂತು. ಡ್ಯಾಶ್‌ಬೋರ್ಡಿಗೆ ತಲೆ ಬಡಿಯುವಷ್ಟು ಬಂತು. ‘ಏನಾಯ್ತು?’ ಎಂದಳು. ‘ಏನಿ…’ ಎಂದವನು ಅಲ್ಲಿಗೇ ನಿಲ್ಲಿಸಿ, ‘ಇಲಿ ಸಿಕ್ತು’ ಎಂದ. ‘ಎಲ್ಲಿ?’ ‘ನಾನೇ.’ ಆಮೇಲೆ ಎಲ್ಲವನ್ನೂ ಹೇಳಿದ, ಬಟ್ಟೆ ಸುತ್ತಿದ್ದನ್ನೂ ಬಿಡದೆ. ಅವಳು ಆ ಬಟ್ಟೆ ಸುತ್ತಿದ ಕ್ಲಿಪ್ಪನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ‘ಇದು ನನ್ನ ಹಳೇ ಕರ್ಚೀಫು’ ಎಂದಳು. ಆಮೇಲೆ ನಕ್ಕಳು. ಆ ನಗುವನ್ನು ಅವನು ಗೇರು ಬದಲಾಯಿಸುವ ಕಾಲದಿಂದ ಕೇಳಿರಲಿಲ್ಲ.

ಆದರೆ ಹೊತ್ತು ಯಾರ ನಗುವಿಗೂ ಕಾಯುವುದಿಲ್ಲ. ಭಾಮೈದ ಬರುವುದರೊಳಗೆ ಹಿಂದಿನ ಎರಡು ದೀಪಗಳನ್ನು ಬಿಚ್ಚಿ, ಅವುಗಳ ಬುಡದ ಬಣ್ಣವನ್ನು ಕೆರೆಯಬೇಕು. ಹಳೇ ಚಾಕು ತಂದ. ಕೆರೆಯಲು ಕೂತಾಗ ಕೈ ಹಿಂದೆಗೆಯಿತು. ಇಷ್ಟು ಚಂದದ ಬಣ್ಣ. ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು ಎಂದು ಬೇರೆಯವರಿಗೆ ಅಂದದ್ದೇ ಅಂದದ್ದು, ಥಳಕನ್ನು ತಾನೇ ಕೆರೆಯುವುದು ಇಷ್ಟು ಕಷ್ಟವೆಂದು ಯಾರೂ ಹೇಳಿರಲಿಲ್ಲ. ಮೆರೂನ್ ಉದುರಿತು, ಹಸಿರು ಉದುರಿತು, ತಗಡು ಬೆಳ್ಳಗೆ ಕಂಡಿತು. ಬಲಗಡೆಯದು ಮುಗಿಸಿ ದೀಪ ಕೂರಿಸಿದ. ಎಡಗಡೆಯದರ ಬೋಲ್ಟು ಜಾಮಾಗಿ, ಸಂದಿನಲ್ಲಿ ಚಾಕು ಹೋಗದೆ, ಅರೆಬರೆ ಕೆರೆದು ಬಿಗಿದ. ಬರುತ್ತೆ ಎಂದುಕೊಂಡ. ಅವಳು ಸೀಟಿನಿಂದ ಎದ್ದಿರಲಿಲ್ಲ, ಒಂದು ಕೈ ಸ್ಟಿಯರಿಂಗಿನ ಮೇಲಿತ್ತು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಭಾಮೈದ, ತನ್ನ ಜೀಪು ಹೊರಗೆ ನಿಲ್ಲಿಸಿ, ದಪ್ಪ ಹಗ್ಗವೊಂದನ್ನು ಹೆಗಲಿಗೆ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ, ಕಾರಿನ ಮೂತಿಯ ಹತ್ತಿರ ಬಂದು ನಿಂತ.

‘ಏನ್ ಭಾವ, ಬಂತಾ?’ ಎಂದ. ನಗುತ್ತಲೇ ಕೇಳಿದ. ಅವನಿಗೆ ಬರುತ್ತಪ್ಪನ ವಿಚಾರ ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ?

‘ಇರು, ನೋಡೋಣ’ ಎಂದು ಒಳಗಿನಿಂದ ಅವಳೇ ಹೇಳಿದಳು. ‘ಒತ್ತಿದೆ. ಬಂತಾ?’

ಗೋಡೆಗೂ ಡಿಕ್ಕಿಗೂ ನಡುವೆ ಅವನ ಬನಿಯನ್ನಿನ ಬಲಗಡೆ ಕೆಂಪಾಯಿತು. ಎಷ್ಟು ಕೆಂಪು, ಹಬ್ಬದ ಕೆಂಪು. ಎಡಗಡೆ ಬೆಳ್ಳಗೇ ಉಳಿಯಿತು. ಎದೆಯ ನಡುವೆ ಯಾರೋ ಗೆರೆ ಎಳೆದ ಹಾಗೆ ಅರ್ಧ ಕೆಂಪು, ಅರ್ಧ ಬಿಳಿ. ಅವನು ಮುಂದೆ ನೋಡಿದ. ಭಾಮೈದ ನಿಂತಲ್ಲಿಂದ ಹಿಂದಿನ ದೀಪ ಕಾಣುವುದಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ಕಾಣುತ್ತವೆಯೇ ಎಂದು ನೋಡಿದ. ಅವಳು ಕನ್ನಡಿಯನ್ನು ಮೇಲಕ್ಕೆ, ಮಾಡಿನ ಕಡೆಗೆ ತಿರುಗಿಸಿಬಿಟ್ಟಿದ್ದಳು. ನೋಡದೆ ಕೇಳಿದ್ದಳು. ‘ಬಂತು’ ಎಂದರೆ ಕಾರು ಉಳಿಯುತ್ತದೆ. ನಾಳೆ ಬೆಳಿಗ್ಗೆ ಸದ್ದಿಲ್ಲದೆ ಎಡಗಡೆಯದನ್ನೂ ಕೆರೆದರಾಯಿತು, ಅದು ಸುಳ್ಳೂ ಅಲ್ಲ, ಸ್ವಲ್ಪ ಮುಂಚಿತ ಅಷ್ಟೇ. ತುಟಿಗಳೆರಡೂ ಕೂಡಿ ಬ ಎಂಬ ಅಕ್ಷರಕ್ಕೆ ಸಿದ್ಧವಾಗಿ ನಿಂತಿದ್ದವು. ಅವುಗಳನ್ನು ಬಿಡಿಸುವುದಕ್ಕೆ ಜಾಮಾದ ಬೋಲ್ಟು ಬಿಡಿಸಿದಷ್ಟೇ ಶಕ್ತಿ ಬೇಕಾಯಿತು.

‘ಇಲ್ಲ’ ಎಂದ. ‘ಬಲಗಡೇದು ಬಂತು. ಎಡಗಡೇದು ಇಲ್ಲ. ಸರಿಯಾಗಿ ಕೆರೀಲಿಲ್ಲ ನಾನು.’

ಭಾಮೈದ ಹೆಗಲ ಮೇಲಿನ ಹಗ್ಗ ಇಳಿಸಿದ. ‘ಹಾಗಾದ್ರೆ ಕಟ್ಲಾ ಅಕ್ಕಾ?’ ಎಂದ.

‘ಆ ಹಗ್ಗ ಅಲ್ಲೇ ಮೂಲೇಲಿ ಬಿಟ್ಟುಹೋಗು’ ಎಂದಳು ಅವಳು. ‘ಬಟ್ಟೆ ಒಣಹಾಕೋದು ಕಿತ್ತುಹೋಗಿದೆ.’

‘ಲೈಟು ಬಂದಿಲ್ವಲ್ಲಕ್ಕ?’

‘ಬಂದಿಲ್ಲ ಅಂತ ಅವರೇ ಹೇಳಿದ್ರಲ್ಲೋ’ ಎಂದಳು. ಆ ಮಾತನ್ನು ಅವಳು ತಮ್ಮನಿಗೆ ಹೇಳಿದ್ದು, ಆದರೆ ತಮ್ಮನಿಗೆ ಅರ್ಥವಾಗಲಿಲ್ಲ. ಅವನು ಹಗ್ಗವನ್ನೂ ಅಕ್ಕನನ್ನೂ ಒಂದೆರಡು ಸಲ ನೋಡಿ, ಟೀ ಇದೆಯಾ ಎಂದು ಕೇಳಿ, ಮನೆಯೊಳಗೆ ಹೋದ.

ಅವನು ಗೋಡೆಗೆ ಬೆನ್ನು ಉಜ್ಜುತ್ತ ಕುಕ್ಕರಗಾಲಿನಲ್ಲಿ ಕೂತು ಎಡಗಡೆಯ ದೀಪವನ್ನು ಮತ್ತೆ ಬಿಚ್ಚಿದ. ಈ ಸಲ ಕೈ ಹಿಂದೆಗೆಯಲಿಲ್ಲ. ಮೆರೂನ್ ಉದುರಿತು. ‘ಈಗ?’ ಎಂದು ಒಳಗಿನಿಂದ ಕೇಳಿದಳು. ‘ಇಲ್ಲ’ ಎಂದ. ಹಸಿರು ಉದುರಿತು. ‘ಈಗ?’ ‘ಇಲ್ಲ, ಇನ್ನೂ ಇಲ್ಲ.’ ಅಷ್ಟೊಂದು ಇಲ್ಲಗಳನ್ನು ಅವನು ಹುಟ್ಟಿದಾಗಿನಿಂದ ಹೇಳಿರಲಿಲ್ಲ, ಒಂದೊಂದಕ್ಕೂ ಮೈ ಹಗುರಾಗುತ್ತಿತ್ತು. ಒಳಗೆ ಅವಳು ಕನ್ನಡಿಯನ್ನು ಮತ್ತೆ ಸರಿಮಾಡಿಕೊಳ್ಳುವ ಸದ್ದು ಕೇಳಿಸಿತು. ‘ಕೀಲಿ ಎಲ್ಲಿಟ್ಟಿದೀರಿ?’ ಎಂದಳು. ಅದು ಅವನ ಜೇಬಿನಲ್ಲೇ ಇತ್ತು. ಎದ್ದು, ಹೊಟ್ಟೆ ಒಳಗೆಳೆದುಕೊಂಡು ಗೋಡೆಯ ಸಂದಿಯಿಂದ ಹೊರಗೆ ಬಂದು, ಮಸಿಯ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು, ಕೀಲಿಯನ್ನು ಅವಳ ಕೈಗೇ ಕೊಟ್ಟು, ಮತ್ತೆ ಕೆರೆಯಲು ಹೋದ.